ಸರ್ವಿಸ್‌ನೌನಲ್ಲಿ ಯಾವ ರಿಪೋರ್ಟ್ ಯಾರಿಗೆ ಕಾಣಬೇಕು: ಪಟ್ಟಿಗೂ ಬೀಗ, ಸಂಖ್ಯೆಗೂ ಬೀಗ

ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ, ಊಟದ ಹೊತ್ತಿಗೆ ಸಪೋರ್ಟ್ ಟೀಮಿನ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದ. ದನಿ ತಗ್ಗಿಸಿ ಕೇಳಿದ: "ಸಾರ್, ನಮ್ಮ ಡಿಪಾರ್ಟ್‌ಮೆಂಟಲ್ಲಿ ಹದಿನಾಲ್ಕು ಲ್ಯಾಪ್‌ಟಾಪ್ ವಾಪಸ್ ತಗೋತಿದೀರಂತೆ. ಯಾರ್‍ಯಾರದು ಸಾರ್?" ಆ ಹದಿನಾಲ್ಕು ಜನರಿಗೆ ಕೆಲಸ ಹೋಗಲಿದೆ ಎಂಬ ವಿಷಯವನ್ನು ಯಾರೂ ಅವರಿಗೆ ಇನ್ನೂ ತಿಳಿಸಿರಲಿಲ್ಲ. ಕೇಳಲು ಬಂದವನೂ ಆ ಹದಿನಾಲ್ಕರಲ್ಲಿ ಒಬ್ಬ.

ಅವನು ಯಾವ ಕಳ್ಳದಾರಿಯನ್ನೂ ಹಿಡಿದಿರಲಿಲ್ಲ. ಕಚೇರಿಯ ಟಿಕೆಟ್‌ಗಳನ್ನು, ಅಂದರೆ ಸಪೋರ್ಟ್ ಕೋರಿಕೆಗಳನ್ನು, ನಿಭಾಯಿಸುವ ಸರ್ವಿಸ್‌ನೌ ಎಂಬ ಸಾಫ್ಟ್‌ವೇರಿನಲ್ಲಿ, ಬಾಕಿ ಇರುವ ಟಿಕೆಟ್‌ಗಳನ್ನು ಡಿಪಾರ್ಟ್‌ಮೆಂಟ್‌ವಾರು ತೋರಿಸುವ ಒಂದು ಮಾಮೂಲಿ ಬಾರ್ ಚಾರ್ಟ್ ತೆರೆದಿದ್ದ. 'ಲ್ಯಾಪ್‌ಟಾಪ್ ವಾಪಸಾತಿ' ಎಂಬ ಬಣ್ಣದ ಕಂಬ ಕಂಡಿತು, ಒತ್ತಿದ. ತೆರೆದ ಪಟ್ಟಿ ಖಾಲಿ ಇತ್ತು, ಏಕೆಂದರೆ ಆ ಸಾಲುಗಳಿಗೆ ನಾನೇ ಅಕ್ಸೆಸ್ ಕಂಟ್ರೋಲ್, ಅಂದರೆ ಯಾರು ಓದಬಹುದು ಎಂಬ ನಿಯಮ, ಹಾಕಿದ್ದೆ. ಆದರೆ ಪಟ್ಟಿಯ ಅಡಿಯಲ್ಲಿ ಸಾಫ್ಟ್‌ವೇರ್ ತಾನಾಗಿ ಒಂದು ಸಾಲು ಬರೆದಿತ್ತು: ಭದ್ರತಾ ನಿರ್ಬಂಧದ ಕಾರಣ ಈ ಪಟ್ಟಿಯಿಂದ 14 ಸಾಲುಗಳನ್ನು ತೆಗೆಯಲಾಗಿದೆ. ಬೀಗ ಹಾಕಿದ್ದೇನೆ ಎಂದು ನಾನು ನಂಬಿದ್ದೆ. ಬೀಗವೇ ಒಳಗೆ ಎಷ್ಟಿದೆ ಎಂದು ಹೇಳಿಬಿಟ್ಟಿತ್ತು.

ಈ ಬರಹ ಆ ದಿನದಿಂದ ಹುಟ್ಟಿದ್ದು. ಸರ್ವಿಸ್‌ನೌ ಬಳಸುವ ಕಚೇರಿಗಳಲ್ಲಿ ಅಡ್ಮಿನ್ ಆಗಿರುವವರಿಗೆ, ಈಗಷ್ಟೇ ಆ ಕೆಲಸಕ್ಕೆ ಬಂದವರಿಗೆ, ಒಂದು ನಿರ್ದಿಷ್ಟ ರಿಪೋರ್ಟ್ ಕೆಲವರಿಗೆ ಮಾತ್ರ ಕಾಣುವಂತೆ ಮಾಡುವುದು ಹೇಗೆ ಎಂದು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಉದಾಹರಣೆಯಾಗಿ ಅದೇ ಲ್ಯಾಪ್‌ಟಾಪ್ ವಾಪಸಾತಿ ರಿಪೋರ್ಟನ್ನೇ ಇಟ್ಟುಕೊಳ್ಳೋಣ. ಅದು ಇನ್ಸಿಡೆಂಟ್ (ಏನೋ ಕೆಟ್ಟಿದೆ ಎಂಬ ದೂರು) ಅಲ್ಲ, ಸರ್ವಿಸ್ ಕ್ಯಾಟಲಾಗ್ ಎಂಬ ಸೇವೆಗಳ ಪಟ್ಟಿಯ ಮೂಲಕ ಬರುವ ಕೋರಿಕೆ. ಹಾಗಾಗಿ ಮಾಹಿತಿ ಮೂರು ಟೇಬಲ್‌ಗಳಲ್ಲಿ ಹಂಚಿಹೋಗಿರುತ್ತದೆ: ರಿಕ್ವೆಸ್ಟ್ (ಇಡೀ ಕೋರಿಕೆ), ರಿಕ್ವೆಸ್ಟೆಡ್ ಐಟಂ (ಅದರಲ್ಲಿ ಕೇಳಿದ ಒಂದೊಂದು ಐಟಂ), ಕ್ಯಾಟಲಾಗ್ ಟಾಸ್ಕ್ (ಅದಕ್ಕಾಗಿ ಮಾಡಬೇಕಾದ ಕೆಲಸ).

ಶುರು ಮಾಡುವ ಮೊದಲು

ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಿ. ಈ ರಿಪೋರ್ಟನ್ನು ಯಾರು ತೆರೆಯಬಹುದು? ಅದರ ಹಿಂದಿನ ಸಾಲುಗಳನ್ನು ಯಾರು ಓದಬಹುದು? ಅದರಲ್ಲಿರುವ ಎಣಿಕೆ ಯಾರಿಗೆ ತಿಳಿಯಬಹುದು? ಸರ್ವಿಸ್‌ನೌನಲ್ಲಿ ಈ ಮೂರಕ್ಕೂ ಉತ್ತರ ಬೇರೆ ಬೇರೆ ಜಾಗದಲ್ಲಿದೆ. ಮೊದಲನೆಯದು ರಿಪೋರ್ಟಿನ ಶೇರಿಂಗ್‌ನಲ್ಲಿ, ಎರಡನೆಯದು ಟೇಬಲ್ ಮೇಲಿನ ಅಕ್ಸೆಸ್ ಕಂಟ್ರೋಲ್‌ನಲ್ಲಿ, ಮೂರನೆಯದು ಕ್ವೆರಿ ಬಿಸಿನೆಸ್ ರೂಲ್‌ನಲ್ಲಿ, ಅಂದರೆ ಡೇಟಾಬೇಸಿಗೆ ಹೋಗುವ ಪ್ರಶ್ನೆಯನ್ನೇ ತಿದ್ದುವ ಸ್ಕ್ರಿಪ್ಟಿನಲ್ಲಿ. ನಾನು ಕಂಡ ಬಹುಪಾಲು ಅಡ್ಮಿನ್‌ಗಳು ಮೊದಲನೆಯದರಲ್ಲೇ ನಿಲ್ಲುತ್ತಾರೆ. ಎರಡನೆಯದಕ್ಕೆ ಹೋದವರು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ, ನಾನು ಅಂದುಕೊಂಡ ಹಾಗೆ.

ಕೆಲಸವನ್ನು ಪ್ರೊಡಕ್ಷನ್‌ನಲ್ಲಿ, ಅಂದರೆ ಎಲ್ಲರೂ ದಿನವೂ ಬಳಸುವ ಅಸಲಿ ಇನ್‌ಸ್ಟೆನ್ಸ್‌ನಲ್ಲಿ (ಸರ್ವಿಸ್‌ನೌನ ಒಂದು ಪೂರ್ತಿ ಪ್ರತಿಗೆ ಇನ್‌ಸ್ಟೆನ್ಸ್ ಎನ್ನುತ್ತಾರೆ), ನೇರವಾಗಿ ಮಾಡಬೇಡಿ. ಟೆಸ್ಟ್ ಇನ್‌ಸ್ಟೆನ್ಸ್ ಇಲ್ಲದಿದ್ದರೆ ಸರ್ವಿಸ್‌ನೌ ಕಂಪನಿ ಉಚಿತವಾಗಿ ಕೊಡುವ ಪರ್ಸನಲ್ ಡೆವಲಪರ್ ಇನ್‌ಸ್ಟೆನ್ಸ್ ತೆಗೆದುಕೊಂಡು ಅಲ್ಲಿ ಕೈ ಪಳಗಿಸಿಕೊಳ್ಳಿ. ನಿಮ್ಮಲ್ಲಿ ಯಾವ ಆವೃತ್ತಿ ಇದೆ ಎಂದೂ ನೋಡಿಕೊಳ್ಳಿ. ಆವೃತ್ತಿಗಳಿಗೆ ಊರಿನ ಹೆಸರಿಡುವುದು ಅವರ ರೂಢಿ, 2025ರಲ್ಲಿ ಬಂದವು ಯೊಕೊಹಾಮ ಮತ್ತು ಜ್ಯೂರಿಕ್. ಹೊಸ ಆವೃತ್ತಿಗಳಲ್ಲಿ ಹಳೆಯ ರಿಪೋರ್ಟ್ ಡಿಸೈನರ್ ಜಾಗವನ್ನು ಪ್ಲಾಟ್‌ಫಾರ್ಮ್ ಅನಲಿಟಿಕ್ಸ್ ಎಂಬ ಪರದೆ ತುಂಬುತ್ತಿದೆ. ನಾನು ಇಲ್ಲಿ ಹೇಳುವ ಬಟನ್‌ಗಳು ಹಳೆಯ ಡಿಸೈನರ್‌ನವು. ಹೊಸದರಲ್ಲಿ ಬಟನ್ ಜಾಗ ಬದಲಾಗಿರುತ್ತದೆ, ಟೇಬಲ್ ಮಟ್ಟದ ಕ್ವೆರಿ ರೂಲ್ ಮಾತ್ರ ಪರದೆ ಯಾವುದಾದರೂ ಕೆಳಗಿನಿಂದಲೇ ಕೆಲಸ ಮಾಡುತ್ತದೆ.

ಹಂತ 1: ಈಗ ಯಾರಿಗೆ ಏನು ಕಾಣುತ್ತಿದೆ ಎಂದು ಪಟ್ಟಿ ಮಾಡಿ

ರಿಪೋರ್ಟ್ಸ್ ಮೆನುವಿನಲ್ಲಿ ವ್ಯೂ/ರನ್ ತೆರೆದರೆ ನನ್ನದು, ಗ್ರೂಪ್, ಗ್ಲೋಬಲ್, ಎಲ್ಲ ಎಂಬ ಟ್ಯಾಬ್‌ಗಳು ಕಾಣುತ್ತವೆ. ಕಣ್ಣಾಡಿಸಲು ಇದು ಸಾಕು, ಲೆಕ್ಕಕ್ಕೆ ಸಾಲದು. ಲೆಕ್ಕಕ್ಕೆ ನೇರವಾಗಿ ಸಿಸ್_ರಿಪೋರ್ಟ್ ಟೇಬಲ್ಲಿನ ಪಟ್ಟಿಯನ್ನೇ ತೆರೆಯಿರಿ. ಪ್ರತಿಯೊಂದು ರಿಪೋರ್ಟ್ ಅಲ್ಲಿ ಒಂದು ಸಾಲು. ಶೀರ್ಷಿಕೆ, ಟೇಬಲ್, ಯೂಸರ್, ಗ್ರೂಪ್, ರೋಲ್ಸ್, ಯಾರು ಮಾಡಿದ್ದು, ಪಬ್ಲಿಷ್ ಆಗಿದೆಯೇ ಎಂಬ ಕಾಲಂಗಳನ್ನು ಹಾಕಿಕೊಳ್ಳಿ. ಯೂಸರ್ ಕಾಲಂನಲ್ಲಿ ಗ್ಲೋಬಲ್ ಎಂದಿದ್ದರೆ ಆ ರಿಪೋರ್ಟ್ ಎಲ್ಲರ ಜೊತೆ ಹಂಚಿಕೊಂಡಿದೆ ಎಂದರ್ಥ.

ಈಗ ಟೇಬಲ್ ಕಾಲಂಗೆ ಫಿಲ್ಟರ್ ಹಾಕಿ. ನಮ್ಮ ಉದಾಹರಣೆಗೆ ರಿಕ್ವೆಸ್ಟ್, ರಿಕ್ವೆಸ್ಟೆಡ್ ಐಟಂ, ಕ್ಯಾಟಲಾಗ್ ಟಾಸ್ಕ್, ಇವುಗಳ ಜೊತೆಗೆ ತಪ್ಪದೆ ಟಾಸ್ಕ್. ಟಾಸ್ಕ್ ಯಾಕೆ ಎಂದು ಮುಂದೆ ಹೇಳುತ್ತೇನೆ, ಅಲ್ಲಿ ಒಂದು ದೊಡ್ಡ ಕಿಂಡಿ ಇದೆ. ಯಾರೋ ಎಂದೋ ಮಾಡಿ ಬಿಟ್ಟುಹೋದ ರಿಪೋರ್ಟ್‌ಗಳು ಈ ಹೊತ್ತಿಗೆ ಹೊರಬೀಳುತ್ತವೆ. ಮಾಡಿದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ, ರಿಪೋರ್ಟ್ ಮಾತ್ರ ಎಲ್ಲರಿಗೂ ಕಾಣುತ್ತಾ ಇರುತ್ತದೆ. ಅಂಥವನ್ನು ತಕ್ಷಣ ಅಳಿಸಬೇಡಿ, ಯಾವುದಾದರೂ ಡ್ಯಾಶ್‌ಬೋರ್ಡ್ ಅದರ ಮೇಲೆ ನಿಂತಿರಬಹುದು. ಮೊದಲು ಒಬ್ಬ ಹೊಸ ಒಡೆಯರನ್ನು ಗೊತ್ತುಮಾಡಿ, ಶೇರಿಂಗ್ ಕಡಿಮೆ ಮಾಡಿ.

ಶೀರ್ಷಿಕೆಗಳನ್ನೂ ಓದಿ. ರಿಪೋರ್ಟ್ ತೆರೆಯದಿದ್ದರೂ ಹೆಸರೇ ವಿಷಯ ಹೇಳಿಬಿಡಬಹುದು. 'ಮಾರ್ಚ್‌ನಲ್ಲಿ ಬಿಡುವವರ ಲ್ಯಾಪ್‌ಟಾಪ್' ಎಂದು ಹೆಸರಿಟ್ಟವರಿಗೆ ಅದು ಅನುಕೂಲ, ಓದಿದವರಿಗೆ ಸುದ್ದಿ. 'ಆಸ್ತಿ ವಾಪಸಾತಿ, ಮಾಸಿಕ' ಎಂದರೆ ಸಾಕು.

ಹಂತ 2: ಗ್ರೂಪ್ ಮತ್ತು ರೋಲ್ ಸಿದ್ಧಮಾಡಿ

ಒಬ್ಬೊಬ್ಬರ ಹೆಸರು ಹಿಡಿದು ಅನುಮತಿ ಕೊಡಬೇಡಿ. ಇವತ್ತು ಐದು ಹೆಸರು, ಆರು ತಿಂಗಳಿಗೆ ಹನ್ನೆರಡು ಹೆಸರು, ಯಾರನ್ನು ಯಾಕೆ ಸೇರಿಸಿದೆವು ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. 'ಆಸ್ತಿ ವಾಪಸಾತಿ ನೋಡುವವರು' ಎಂಬ ಒಂದು ಗ್ರೂಪ್ ಮಾಡಿ, ಆ ಗ್ರೂಪಿಗೆ ಒಬ್ಬ ಮ್ಯಾನೇಜರನ್ನು ಹಾಕಿ, ಒಂದು ಹೊಸ ರೋಲ್ (ಅನುಮತಿಯ ಗುರುತು) ಮಾಡಿ ಗ್ರೂಪಿಗೆ ಕೊಡಿ. ಗ್ರೂಪಿಗೆ ಸೇರಿದವರಿಗೆ ರೋಲ್ ತಾನಾಗಿ ಬರುತ್ತದೆ, ಹೊರಬಿದ್ದರೆ ತಾನಾಗಿ ಹೋಗುತ್ತದೆ. ಹೊಸದಾಗಿ ಸೇರಿಸಿದವರು ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬರಬೇಕು. 'ಸೇರಿಸಿದ್ದೀರಿ, ಆದರೂ ಕಾಣ್ತಿಲ್ಲ' ಎಂದು ಬರುವ ಫೋನ್‌ಗಳಲ್ಲಿ ಅರ್ಧಕ್ಕೆ ಉತ್ತರ ಇಷ್ಟೇ.

ಇದೇ ಹೊತ್ತಿಗೆ ರಿಪೋರ್ಟ್ ಮಾಡುವ, ಹಂಚುವ ರೋಲ್‌ಗಳನ್ನೂ ನೋಡಿ. ರಿಪೋರ್ಟ್_ಗ್ಲೋಬಲ್ ಇದ್ದವರು ತಮ್ಮ ರಿಪೋರ್ಟನ್ನು ಎಲ್ಲರಿಗೂ ಹಂಚಬಹುದು, ರಿಪೋರ್ಟ್_ಗ್ರೂಪ್ ಇದ್ದವರು ಗ್ರೂಪ್‌ಗಳಿಗೆ ಹಂಚಬಹುದು, ರಿಪೋರ್ಟ್_ಪಬ್ಲಿಷರ್ ಇದ್ದವರು ಹೊರಜಗತ್ತಿಗೇ ತೆರೆಯಬಹುದು. ಈ ರೋಲ್‌ಗಳು ನೇರವಾಗಿ ಕೊಟ್ಟದ್ದೇ ಆಗಿರಬೇಕೆಂದಿಲ್ಲ, ಬೇರೆ ದೊಡ್ಡ ರೋಲ್‌ನ ಹೊಟ್ಟೆಯೊಳಗೆ ಸೇರಿಕೊಂಡಿರಬಹುದು. ಟಿಕೆಟ್ ನಿಭಾಯಿಸುವವರಿಗೆ ಕೊಡುವ ಐಟಿಐಎಲ್ ರೋಲ್ ತೆರೆದು ಅದರಲ್ಲಿ ಅಡಗಿರುವ ರೋಲ್‌ಗಳ ಪಟ್ಟಿಯನ್ನು ಒಂದು ಸಲ ಓದಿ. ಸರ್ವಿಸ್ ಡೆಸ್ಕಿನ ಪ್ರತಿಯೊಬ್ಬರಲ್ಲೂ ಆ ರೋಲ್ ಇರುತ್ತದೆ, ಆದ್ದರಿಂದ ಅಲ್ಲಿ ಏನಿದೆಯೋ ಅದೆಲ್ಲ ಎಲ್ಲರ ಕೈಯಲ್ಲೂ ಇದೆ.

ಹಂತ 3: ರಿಪೋರ್ಟಿನ ಶೇರಿಂಗ್ ಬದಲಿಸಿ

ಇದು ಸುಲಭದ ಭಾಗ. ರಿಪೋರ್ಟ್ ತೆರೆದು ಶೇರ್ ಒತ್ತಿ. ನನಗೆ ಮಾತ್ರ, ಎಲ್ಲರಿಗೂ, ಗ್ರೂಪ್ ಮತ್ತು ಯೂಸರ್‌ಗಳಿಗೆ ಎಂಬ ಮೂರು ಆಯ್ಕೆಗಳಲ್ಲಿ ಕೊನೆಯದನ್ನು ಆರಿಸಿ, ಹಂತ 2ರ ಗ್ರೂಪನ್ನು ಸೇರಿಸಿ, ಸೇವ್ ಮಾಡಿ. ಸಿಸ್_ರಿಪೋರ್ಟ್ ಪಟ್ಟಿಗೆ ಹೋಗಿ ಯೂಸರ್ ಕಾಲಂನಲ್ಲಿ ಗ್ಲೋಬಲ್ ಎಂಬುದು ಹೋಗಿದೆ ಎಂದು ಕಣ್ಣಾರೆ ನೋಡಿ.

ಇಷ್ಟು ಮಾಡಿದಾಗ ಆ ಒಂದು ರಿಪೋರ್ಟ್ ಬೇರೆಯವರ ಪಟ್ಟಿಯಿಂದ ಮರೆಯಾಯಿತು. ಆದರೆ ರಿಪೋರ್ಟ್ ಮಾಡುವ ಹಕ್ಕಿರುವ ಯಾರೇ ಆಗಲಿ, ಅದೇ ಟೇಬಲ್ ಆರಿಸಿ, ಐದು ನಿಮಿಷದಲ್ಲಿ ಅಂಥದೇ ಇನ್ನೊಂದನ್ನು ಮಾಡಿಕೊಳ್ಳಬಹುದು.

ಹಂತ 4: ಟೇಬಲ್ ಮೇಲೆ ರಿಪೋರ್ಟ್ ಅಕ್ಸೆಸ್ ಕಂಟ್ರೋಲ್

ಮೊದಲು ಮೇಲಿನ ನಿಮ್ಮ ಹೆಸರಿನ ಮೆನುವಿನಿಂದ ಎಲಿವೇಟ್ ರೋಲ್ ಆರಿಸಿ ಸೆಕ್ಯುರಿಟಿ_ಅಡ್ಮಿನ್ ಪಡೆದುಕೊಳ್ಳಿ. ಅಡ್ಮಿನ್ ಆಗಿದ್ದರೂ ಇದಿಲ್ಲದೆ ಅಕ್ಸೆಸ್ ಕಂಟ್ರೋಲ್ ಬರೆಯಲಾಗದು, ಮತ್ತು ಈ ಏರಿಕೆ ಆ ಸೆಷನ್‌ಗೆ ಮಾತ್ರ. ಸಿಸ್ಟಂ ಸೆಕ್ಯುರಿಟಿಯಲ್ಲಿ ಅಕ್ಸೆಸ್ ಕಂಟ್ರೋಲ್ ತೆರೆದು ಹೊಸದನ್ನು ಮಾಡಿ. ಟೈಪ್ ರೆಕಾರ್ಡ್, ಹೆಸರಿನಲ್ಲಿ ಟೇಬಲ್.

ಆಪರೇಷನ್ ಎಂಬಲ್ಲಿ ಓದು, ಬರೆ, ಅಳಿಸು ಮುಂತಾದವುಗಳ ಜೊತೆ ಎರಡು ವಿಶೇಷ ಆಯ್ಕೆಗಳಿವೆ. ರಿಪೋರ್ಟ್_ಆನ್ ಎಂಬುದು ಆ ಟೇಬಲ್ ಮೇಲೆ ರಿಪೋರ್ಟ್ ಮಾಡುವವರು ಯಾರು ಎಂದು ತೀರ್ಮಾನಿಸುತ್ತದೆ. ರಿಪೋರ್ಟ್_ವ್ಯೂ ಎಂಬುದು ಆ ಟೇಬಲ್ ಮೇಲಿನ ರಿಪೋರ್ಟ್‌ಗಳನ್ನು ನೋಡುವವರು ಯಾರು ಎಂದು ತೀರ್ಮಾನಿಸುತ್ತದೆ. ಹಂಚಿಕೊಂಡ ರಿಪೋರ್ಟ್ ಆಗಿದ್ದರೂ ರಿಪೋರ್ಟ್_ವ್ಯೂ ದಾಟದವರಿಗೆ ಅದು ತೆರೆಯುವುದಿಲ್ಲ.

ಇದರಲ್ಲೊಂದು ತೊಡಕಿದೆ. ಈ ಬೀಗ ಬೀಳುವುದು ಟೇಬಲ್ಲಿಗೆ, ಒಂದು ರಿಪೋರ್ಟಿಗಲ್ಲ. ಕ್ಯಾಟಲಾಗ್ ಟಾಸ್ಕ್ ಮೇಲೆ ಹಾಕಿದರೆ ಸಾಫ್ಟ್‌ವೇರ್ ಇನ್‌ಸ್ಟಾಲ್, ಹೊಸ ಮೌಸ್, ಐಡಿ ಕಾರ್ಡ್, ಎಲ್ಲದರ ರಿಪೋರ್ಟ್‌ಗಳೂ ಮುಚ್ಚಿಹೋಗುತ್ತವೆ. ಮರುದಿನ ಬೆಳಗ್ಗೆ ಸರ್ವಿಸ್ ಡೆಸ್ಕಿನವರು ಬಂದು ನಿಲ್ಲುತ್ತಾರೆ, ಅವರ ಕೋಪ ನ್ಯಾಯವಾದದ್ದೇ. ಇಡೀ ಟೇಬಲ್ಲೇ ಗುಟ್ಟಿನದಾಗಿದ್ದರೆ, ಅಂದರೆ ಸಂಬಳ ಅಥವಾ ದೂರುಗಳಿಗೆಂದೇ ಮಾಡಿದ ಪ್ರತ್ಯೇಕ ಟೇಬಲ್ ಆಗಿದ್ದರೆ, ರಿಪೋರ್ಟ್_ವ್ಯೂ ಒಳ್ಳೆಯ ಆಯ್ಕೆ. ಎಲ್ಲರೂ ದಿನವೂ ಬಳಸುವ ಟೇಬಲ್ಲಿನ ಒಂದು ಮೂಲೆ ಮಾತ್ರ ಗುಟ್ಟಾಗಿದ್ದರೆ ಮುಂದಿನ ಹಂತವೇ ದಾರಿ.

ಹಂತ 5: ಎಣಿಕೆಯನ್ನೇ ಮುಚ್ಚುವುದು

ನನ್ನ ತಪ್ಪು ಎಲ್ಲಿತ್ತು ಎಂದು ಈಗ ಹೇಳುತ್ತೇನೆ. ನಾನು ಹಾಕಿದ್ದು ಸಾಲುಗಳ ಮೇಲಿನ ಓದುವ ಅಕ್ಸೆಸ್ ಕಂಟ್ರೋಲ್. ಅದು ಕೆಲಸ ಮಾಡುವುದು ಡೇಟಾಬೇಸಿನಿಂದ ಸಾಲುಗಳು ಹೊರಬಂದ ಮೇಲೆ: ಒಂದೊಂದು ಸಾಲನ್ನೂ ನೋಡಿ, ಇದನ್ನು ಈತ ಓದಬಹುದೇ ಎಂದು ಕೇಳಿ, ಇಲ್ಲ ಎಂದಾದರೆ ತೆಗೆದುಹಾಕುತ್ತದೆ. ಅಡಿಯಲ್ಲಿ ಎಷ್ಟು ತೆಗೆದೆ ಎಂದು ಲೆಕ್ಕ ಒಪ್ಪಿಸುತ್ತದೆ. ಬಾರ್ ಚಾರ್ಟ್, ಪೈ ಚಾರ್ಟ್, ಒಂದೇ ಸಂಖ್ಯೆಯ ಸ್ಕೋರ್ ಇವು ಸಾಲುಗಳನ್ನು ತರಿಸುವುದೇ ಇಲ್ಲ. 'ಇಂಥ ಡಿಪಾರ್ಟ್‌ಮೆಂಟಿನಲ್ಲಿ ಎಷ್ಟಿವೆ' ಎಂದು ಡೇಟಾಬೇಸನ್ನು ಕೇಳುತ್ತವೆ, ಅದು 14 ಎಂದು ಒಂದು ಸಂಖ್ಯೆ ಕೊಡುತ್ತದೆ. ಆ ಎಣಿಕೆಯಲ್ಲಿ ಒಂದೊಂದು ಸಾಲಿನ ಅನುಮತಿ ನೋಡುವ ಹಂತವೇ ಬರುವುದಿಲ್ಲ.

ಹಾಗಾಗಿ ಪ್ರಶ್ನೆ ಡೇಟಾಬೇಸಿಗೆ ಹೋಗುವ ಮೊದಲೇ ಅದನ್ನು ತಿದ್ದಬೇಕು. ಆ ಕೆಲಸ ಮಾಡುವುದು ಬಿಫೋರ್ ಕ್ವೆರಿ ಬಿಸಿನೆಸ್ ರೂಲ್. ಪಟ್ಟಿ, ಚಾರ್ಟ್, ಹುಡುಕಾಟ, ಏನೇ ಇರಲಿ, ಆ ಟೇಬಲ್ಲಿಗೆ ಪ್ರಶ್ನೆ ಹೋಗುವಾಗಲೆಲ್ಲ ಈ ರೂಲ್ ಅದಕ್ಕೆ ಇನ್ನೊಂದು ಷರತ್ತು ಅಂಟಿಸುತ್ತದೆ. ಸಾಲುಗಳು ಹೊರಗೇ ಬರುವುದಿಲ್ಲ, ಆದ್ದರಿಂದ ಎಣಿಕೆಯಲ್ಲೂ ಇರುವುದಿಲ್ಲ, ಅಡಿಯ ಆ ಸಾಲೂ ಮೂಡುವುದಿಲ್ಲ.

ಸಿಸ್ಟಂ ಡೆಫಿನಿಷನ್‌ನಲ್ಲಿ ಬಿಸಿನೆಸ್ ರೂಲ್ಸ್ ತೆರೆದು ಹೊಸದನ್ನು ಮಾಡಿ. ಟೇಬಲ್ ಕ್ಯಾಟಲಾಗ್ ಟಾಸ್ಕ್. ಅಡ್ವಾನ್ಸ್ಡ್ ಗುರುತು ಹಾಕಿ. ವೆನ್ ಎಂಬಲ್ಲಿ ಬಿಫೋರ್ ಆರಿಸಿ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಬಿಟ್ಟು ಕ್ವೆರಿಗೆ ಮಾತ್ರ ಗುರುತು ಹಾಕಿ. ಸ್ಕ್ರಿಪ್ಟಿನ ತರ್ಕ ಹೀಗಿರಲಿ: ಲಾಗಿನ್ ಆಗಿರುವವರು ನಮ್ಮ ಗ್ರೂಪಿನವರಾದರೆ ಏನನ್ನೂ ಮಾಡದೆ ಹೊರಬಾ. ಅಲ್ಲದಿದ್ದರೆ ಪ್ರಶ್ನೆಗೆ ಒಂದು ಷರತ್ತು ಸೇರಿಸು: ಕ್ಯಾಟಲಾಗ್ ಐಟಂ 'ಲ್ಯಾಪ್‌ಟಾಪ್ ವಾಪಸಾತಿ' ಆಗಿರಬಾರದು, ಅಥವಾ ಟಿಕೆಟ್ ತೆರೆದವರು ಇವರೇ ಆಗಿರಬೇಕು, ಅಥವಾ ಟಿಕೆಟ್ ಇವರ ಹೆಸರಿಗೆ ಬಂದಿರಬೇಕು.

ಈ ನಾಲ್ಕು ಸಾಲಿನ ತರ್ಕದಲ್ಲಿ ಎಡವುವ ಜಾಗಗಳು ಹಲವು, ನಿಧಾನವಾಗಿ ಓದಿ.

ಮೊದಲನೆಯದು 'ಅಥವಾ'. ಒಂದೊಂದು ಷರತ್ತನ್ನೂ ಬೇರೆ ಬೇರೆ ಆಡ್‌ಕ್ವೆರಿ ಆಗಿ ಬರೆದರೆ ಅವೆಲ್ಲ 'ಮತ್ತು' ಆಗಿ ಸೇರಿಕೊಳ್ಳುತ್ತವೆ. ಆಗ ತಮ್ಮ ಹೆಸರಿನಲ್ಲಿರುವ ಟಿಕೆಟ್ ಬಿಟ್ಟು ಬೇರೇನೂ ಯಾರಿಗೂ ಕಾಣದೆ ಇಡೀ ಸರ್ವಿಸ್ ಡೆಸ್ಕ್ ನಿಂತುಹೋಗುತ್ತದೆ. ಮೊದಲ ಷರತ್ತನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದು, ಉಳಿದವನ್ನು ಅದಕ್ಕೇ ಆಡ್‌ಆರ್‌ಕಂಡಿಷನ್ ಮೂಲಕ ಜೋಡಿಸಿ. ಐಟಂ ಫೀಲ್ಡ್ ಖಾಲಿ ಇರುವ ಟಾಸ್ಕ್‌ಗಳು ಕಳೆದುಹೋಗಿಲ್ಲವೇ ಎಂದೂ ನೋಡಿ.

ಎರಡನೆಯದು ಅಡ್ಮಿನ್. ಹ್ಯಾಸ್‌ರೋಲ್ ಬಳಸಿ ರೋಲ್ ಇದೆಯೇ ಎಂದು ಕೇಳಿದರೆ ಅಡ್ಮಿನ್‌ಗೆ ಯಾವಾಗಲೂ ಹೌದು ಎಂದೇ ಉತ್ತರ ಬರುತ್ತದೆ. ನಿಮ್ಮಲ್ಲಿ ಅಡ್ಮಿನ್‌ಗಳು ಹದಿನೈದು ಜನ ಇದ್ದರೆ ಹದಿನೈದು ಜನರಿಗೂ ಕಾಣುತ್ತದೆ. ಅದು ಬೇಡವಾದರೆ ರೋಲ್ ಬದಲು ಗ್ರೂಪ್ ಸದಸ್ಯತ್ವವನ್ನೇ ಕೇಳಿ, ಈಸ್‌ಮೆಂಬರ್‌ಆಫ್ ಎಂಬುದು ಅದಕ್ಕಿದೆ. ಅಡ್ಮಿನ್ ತನ್ನನ್ನು ತಾನೇ ಗ್ರೂಪಿಗೆ ಸೇರಿಸಿಕೊಳ್ಳಬಹುದು ನಿಜ, ಆದರೆ ಆಗ ಅದು ಬೇಕೆಂದೇ ಮಾಡಿದ ಕೆಲಸವಾಗುತ್ತದೆ, ಗ್ರೂಪಿನ ಮ್ಯಾನೇಜರ್ ಸದಸ್ಯರ ಪಟ್ಟಿ ನೋಡಿದಾಗ ಹೆಸರು ಸಿಗುತ್ತದೆ.

ಮೂರನೆಯದು 'ಯಾರಿಗಾಗಿ' ಎಂಬ ಫೀಲ್ಡ್. ಸಾಮಾನ್ಯವಾಗಿ ಇಂಥ ರೂಲ್ ಬರೆಯುವಾಗ ಟಿಕೆಟ್ ಯಾರಿಗಾಗಿ ಇದೆಯೋ ಅವರಿಗೂ ಕಾಣಲಿ ಎಂದು ಸೇರಿಸುತ್ತೇವೆ, ಅದು ಸರಿಯಾದ ಅಭ್ಯಾಸವೇ. ಇಲ್ಲಿ ಮಾತ್ರ ಆ ಸಾಲು ಸೇರಿಸಿದರೆ, ಕೆಲಸ ಹೋಗಲಿರುವವರಿಗೆ ಅವರ ಸ್ವಂತ ಟಿಕೆಟ್ಟೇ ಎಲ್ಲರಿಗಿಂತ ಮೊದಲು ಸುದ್ದಿ ಕೊಡುತ್ತದೆ. ಒಬ್ಬ ಮನುಷ್ಯ ಅದನ್ನು ತನ್ನ ಮ್ಯಾನೇಜರ ಬಾಯಿಂದ ಕೇಳಬೇಕು, ಪರದೆಯ ಮೇಲೆ ಓದಬಾರದು. ಯಾವ ದಿನದಿಂದ ಅವರಿಗೆ ಕಾಣಬಹುದು ಎಂಬುದನ್ನು ಎಚ್‌ಆರ್‌ನವರ ಜೊತೆ ಕುಳಿತು ತೀರ್ಮಾನಿಸಿ.

ನಾಲ್ಕನೆಯದು ಹೊರಗಿನ ಸಿಸ್ಟಂಗಳು. ಈ ರೂಲ್ ಹಿನ್ನೆಲೆಯ ಜಾಬ್‌ಗಳಿಗೂ ಇಂಟಿಗ್ರೇಷನ್‌ಗಳಿಗೂ ಅನ್ವಯವಾಗುವುದರಿಂದ ಅವು ಅರ್ಧ ಡೇಟಾ ಪಡೆದು ತಪ್ಪು ಕೆಲಸ ಮಾಡಬಹುದು. ಅದಕ್ಕೆಂದು ಹಲವರು, ಸೆಷನ್ ಇಂಟರಾಕ್ಟಿವ್ ಆಗಿದ್ದರೆ, ಅಂದರೆ ಮನುಷ್ಯರೇ ಪರದೆಯಲ್ಲಿ ಲಾಗಿನ್ ಆಗಿದ್ದರೆ, ಮಾತ್ರ ರೂಲ್ ನಡೆಯಲಿ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕೇಳುವ ದಾರಿ) ಮೂಲಕ ಬರುವವರಿಗೆ ಬಾಗಿಲು ತೆರೆದಂತೆಯೇ. ಎಣಿಕೆ ಕೊಡಲೆಂದೇ ಸರ್ವಿಸ್‌ನೌನಲ್ಲಿ ಅಗ್ರಿಗೇಟ್ ಎಪಿಐ ಇದೆ, ನೆನಪಿರಲಿ. ಎಲ್ಲ ಯಂತ್ರಗಳಿಗೂ ವಿನಾಯಿತಿ ಕೊಡುವ ಬದಲು, ನಿಜವಾಗಿ ಪೂರ್ತಿ ಡೇಟಾ ಬೇಕಾದ ಒಂದೆರಡು ಇಂಟಿಗ್ರೇಷನ್ ಅಕೌಂಟ್‌ಗಳಿಗೆ ಮಾತ್ರ ಹೆಸರು ಹಿಡಿದು ವಿನಾಯಿತಿ ಕೊಡಿ.

ಪ್ರತಿ ಪ್ರಶ್ನೆಗೂ ಈ ರೂಲ್ ಓಡುತ್ತದೆ, ಆದ್ದರಿಂದ ಸ್ಕ್ರಿಪ್ಟಿನೊಳಗೆ ಬೇರೆ ಟೇಬಲ್ ಹುಡುಕುವ ಭಾರದ ಕೆಲಸ ಇಡಬೇಡಿ. ಇದೇ ರೂಲನ್ನು ರಿಕ್ವೆಸ್ಟೆಡ್ ಐಟಂ ಟೇಬಲ್ಲಿಗೂ ಬರೆಯಿರಿ. ರಿಕ್ವೆಸ್ಟ್ ಟೇಬಲ್ಲಿನಲ್ಲಿ ಐಟಂ ಫೀಲ್ಡ್ ಇರುವುದಿಲ್ಲ, ಅಲ್ಲಿ ಟಿಕೆಟ್ಟಿನ ವಿವರಣೆಯಲ್ಲೇ ವಿಷಯ ಬರೆದುಕೊಳ್ಳದಂತೆ ಫಾರ್ಮನ್ನೇ ತಿದ್ದುವುದು ಸುಲಭ.

ಹಂತ 6: ಟಾಸ್ಕ್ ಎಂಬ ತಾಯಿ ಟೇಬಲ್

ಇನ್ಸಿಡೆಂಟ್, ಚೇಂಜ್, ರಿಕ್ವೆಸ್ಟೆಡ್ ಐಟಂ, ಕ್ಯಾಟಲಾಗ್ ಟಾಸ್ಕ್ ಎಲ್ಲವೂ ಟಾಸ್ಕ್ ಎಂಬ ಒಂದೇ ಟೇಬಲ್ಲಿನ ಮಕ್ಕಳು. ಮಗುವಿನ ಟೇಬಲ್ಲಿಗೆ ಬರೆದ ಕ್ವೆರಿ ರೂಲ್, ಯಾರಾದರೂ ತಾಯಿಯ ಟೇಬಲ್ಲನ್ನು ಕೇಳಿದಾಗ ಓಡುವುದಿಲ್ಲ. ಟಾಸ್ಕ್ ಮೇಲೆ ರಿಪೋರ್ಟ್ ಮಾಡಿ, ಟಾಸ್ಕ್ ಟೈಪ್ ಕ್ಯಾಟಲಾಗ್ ಟಾಸ್ಕ್ ಎಂದು ಫಿಲ್ಟರ್ ಹಾಕಿ, ಅಸೈನ್‌ಮೆಂಟ್ ಗ್ರೂಪ್‌ವಾರು ಗುಂಪು ಮಾಡಿದರೆ ಅದೇ ಎಣಿಕೆ ಮತ್ತೆ ಹೊರಬರುತ್ತದೆ. ಇದನ್ನು ನಾನು ಕಂಡುಕೊಂಡಿದ್ದು ಮೊದಲ ಘಟನೆ ನಡೆದು ಎರಡು ವಾರಗಳ ಮೇಲೆ, ರಾತ್ರಿ ಕುಳಿತು ಒಂದೊಂದೇ ದಾರಿ ಪರೀಕ್ಷಿಸುತ್ತಿದ್ದಾಗ. ಅಷ್ಟರೊಳಗೆ ಬೇರೆ ಯಾರೂ ಕಂಡಿರದಿದ್ದದ್ದು ಪುಣ್ಯ.

ಇದಕ್ಕೆ ಎರಡು ದಾರಿಗಳಿವೆ. ಟಾಸ್ಕ್ ಮೇಲೆ ರಿಪೋರ್ಟ್ ಮಾಡುವ ಅಗತ್ಯ ನಿಜಕ್ಕೂ ಇರುವವರು ಕೆಲವರೇ ಆದರೆ, ಟಾಸ್ಕ್ ಟೇಬಲ್ಲಿಗೆ ರಿಪೋರ್ಟ್_ಆನ್ ಬೀಗ ಹಾಕಿ ಆ ಕೆಲವರಿಗೆ ಮಾತ್ರ ಬಿಡಿ. ಆಗ ಹೊಸ ರಿಪೋರ್ಟ್ ಮಾಡುವುದು ನಿಲ್ಲುತ್ತದೆ. ಟಾಸ್ಕ್ ಪಟ್ಟಿಯನ್ನು ತೆರೆದು ಗುಂಪುಮಾಡಿ ಎಣಿಸುವುದು ಮಾತ್ರ ನಿಲ್ಲುವುದಿಲ್ಲ. ಅದಕ್ಕೂ ಬೀಗ ಬೇಕಾದರೆ ಟಾಸ್ಕ್ ಮೇಲೂ ಕ್ವೆರಿ ರೂಲ್ ಬರೆಯಬೇಕು. ಅಲ್ಲಿ ಐಟಂ ಫೀಲ್ಡ್ ಸಿಗುವುದಿಲ್ಲ, ಹಾಗಾಗಿ ಅಸೈನ್‌ಮೆಂಟ್ ಗ್ರೂಪನ್ನು ಗುರುತಾಗಿ ಹಿಡಿಯಬೇಕಾಗುತ್ತದೆ, ಅಂದರೆ ವಾಪಸಾತಿ ಕೆಲಸಗಳು ಒಂದು ಪ್ರತ್ಯೇಕ ಗ್ರೂಪಿಗೇ ಹೋಗುವಂತೆ ಮೊದಲೇ ಹೊಂದಿಸಿರಬೇಕು. ಟಾಸ್ಕ್ ಟೇಬಲ್ ಇಡೀ ವ್ಯವಸ್ಥೆಯ ಬೆನ್ನೆಲುಬು, ಅಲ್ಲಿ ಬರೆಯುವ ಒಂದು ತಪ್ಪು ಸಾಲು ಎಲ್ಲರ ಕೆಲಸ ಕೆಡಿಸುತ್ತದೆ. ಬರೆದದ್ದನ್ನು ಇನ್ನೊಬ್ಬರಿಗೆ ಓದಿಸಿ, ಆಮೇಲೆ ಸೇವ್ ಮಾಡಿ. ಎರಡು ಟೇಬಲ್ ಜೋಡಿಸಿದ ಡೇಟಾಬೇಸ್ ವ್ಯೂ ಮೇಲಿನ ರಿಪೋರ್ಟ್‌ಗಳಿದ್ದರೆ ಅವನ್ನೂ ಒಂದೊಂದಾಗಿ ತೆರೆದು ನೋಡಿ.

ಹಂತ 7: ಹಿತ್ತಿಲ ಬಾಗಿಲುಗಳು

ಪಬ್ಲಿಷ್: ಪಬ್ಲಿಷ್ ಮಾಡಿದ ರಿಪೋರ್ಟಿಗೆ ಒಂದು ಲಿಂಕ್ ಹುಟ್ಟುತ್ತದೆ, ಅದನ್ನು ಲಾಗಿನ್ ಇಲ್ಲದೆಯೂ ತೆರೆಯಬಹುದು. ಟಿವಿ ಪರದೆಯ ಮೇಲೆ ಹಾಕಲು ಸುಲಭ ಎಂದು ಎಂದೋ ಪಬ್ಲಿಷ್ ಮಾಡಿ ಮರೆತಿರುತ್ತಾರೆ. ಹಂತ 1ರ ಪಟ್ಟಿಯಲ್ಲಿ ಇಂಥದ್ದು ಸಿಕ್ಕರೆ ಇವತ್ತೇ ಅನ್‌ಪಬ್ಲಿಷ್ ಮಾಡಿ, ಉಳಿದ ಹಂತಗಳು ನಾಳೆಗಾದರೂ ನಡೆಯುತ್ತದೆ.

ಶೆಡ್ಯೂಲ್ ಮಾಡಿದ ರಿಪೋರ್ಟ್‌ಗಳು ಇನ್ನೂ ಸೂಕ್ಷ್ಮ. ಪ್ರತಿ ಸೋಮವಾರ ಬೆಳಗ್ಗೆ ಮೇಲ್‌ನಲ್ಲಿ ಹೋಗುವ ರಿಪೋರ್ಟ್ ತಯಾರಾಗುವುದು ಯಾರ ಕಣ್ಣಿಂದ? ರನ್ ಆ್ಯಸ್ ಎಂಬ ಫೀಲ್ಡಿನಲ್ಲಿರುವ ವ್ಯಕ್ತಿಯ ಕಣ್ಣಿಂದ. ಮೇಲ್ ಪಡೆಯುವವರು ಯಾರೇ ಇರಲಿ, ರನ್ ಆ್ಯಸ್ ವ್ಯಕ್ತಿಗೆ ಕಾಣುವುದೆಲ್ಲ ಅದರಲ್ಲಿರುತ್ತದೆ. ರನ್ ಆ್ಯಸ್‌ನಲ್ಲಿ ಅಡ್ಮಿನ್ ಇದ್ದು, ಪಡೆಯುವವರಲ್ಲಿ ಇಡೀ ಡಿಪಾರ್ಟ್‌ಮೆಂಟಿನ ಮೇಲಿಂಗ್ ಲಿಸ್ಟ್ ಇದ್ದರೆ, ಇಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಶೆಡ್ಯೂಲ್ಡ್ ರಿಪೋರ್ಟ್ಸ್ ಪಟ್ಟಿ ತೆರೆದು ನಮ್ಮ ಮೂರ್ನಾಲ್ಕು ಟೇಬಲ್‌ಗಳ ಮೇಲಿನವುಗಳಲ್ಲಿ ರನ್ ಆ್ಯಸ್, ಯೂಸರ್‌ಗಳು, ಗ್ರೂಪ್‌ಗಳು, ಕೈಯಲ್ಲಿ ಟೈಪ್ ಮಾಡಿದ ಮೇಲ್ ವಿಳಾಸಗಳು, ಈ ನಾಲ್ಕನ್ನೂ ನೋಡಿ. ಕೈಯಲ್ಲಿ ಟೈಪ್ ಮಾಡಿದ ವಿಳಾಸಗಳೇ ಹೆಚ್ಚು ಅಪಾಯದವು, ಏಕೆಂದರೆ ಗ್ರೂಪಿನಿಂದ ಹೊರಬಿದ್ದರೂ ಅವು ಅಲ್ಲೇ ಉಳಿಯುತ್ತವೆ.

ಡ್ಯಾಶ್‌ಬೋರ್ಡ್‌ಗೆ ತನ್ನದೇ ಶೇರಿಂಗ್ ಪಟ್ಟಿ ಇದೆ, ಅದನ್ನೂ ಹಂತ 2ರ ಗ್ರೂಪಿಗೆ ಇಳಿಸಿ. ಎಕ್ಸೆಲ್, ಪಿಡಿಎಫ್ ಆಗಿ ಹೊರಹೋದ ಫೈಲಿಗೆ ಯಾವ ರೂಲೂ ಅನ್ವಯಿಸುವುದಿಲ್ಲ. ಗ್ರೂಪಿನ ಸದಸ್ಯರಿಗೆ ಫೈಲ್ ಬದಲು ರಿಪೋರ್ಟಿನ ಲಿಂಕ್ ಕಳಿಸುವ ಅಭ್ಯಾಸ ಮಾಡಿಸಿ.

ಎಣಿಕೆ ನೋಡಲು ಅನುಮತಿ ಇರುವ ಮ್ಯಾನೇಜರುಗಳಿಗೂ ಒಂದು ಮಾತು: ಮೂರೇ ಜನರಿರುವ ಟೀಮಿನಲ್ಲಿ '1' ಎಂದರೆ ಹೆಸರು ಹೇಳಿದಷ್ಟೇ. ಚಿಕ್ಕ ಟೀಮ್‌ಗಳಿದ್ದಲ್ಲಿ ರಿಪೋರ್ಟನ್ನು ಡಿಪಾರ್ಟ್‌ಮೆಂಟ್ ಬದಲು ಊರು ಅಥವಾ ವಿಭಾಗದ ಮಟ್ಟದಲ್ಲಿ ಗುಂಪುಮಾಡಿ.

ಹಂತ 8: ಬೇರೆಯವರ ಕಣ್ಣಿಂದ ನೋಡಿ

ಅಡ್ಮಿನ್ ಆಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮೇಲಿನ ಮೆನುವಿನಲ್ಲಿ ಇಂಪರ್ಸನೇಟ್ ಯೂಸರ್ ಇದೆ, ಅದನ್ನು ಬಳಸಿ. ಮೂರು ಟೆಸ್ಟ್ ಅಕೌಂಟ್‌ಗಳು ಬೇಕು: ಗ್ರೂಪಿನ ಸದಸ್ಯ, ಐಟಿಐಎಲ್ ರೋಲ್ ಮಾತ್ರ ಇರುವ ಟೆಕ್ನಿಷಿಯನ್, ಯಾವ ರೋಲೂ ಇಲ್ಲದ ಉದ್ಯೋಗಿ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿ, ನಿಮ್ಮ ಸ್ವಂತ ಸೆಷನ್ ಜೊತೆ ಗೊಂದಲವಾಗುವುದಿಲ್ಲ.

ಮೂವರಾಗಿಯೂ ಇವನ್ನು ಮಾಡಿ ನೋಡಿ. ರಿಪೋರ್ಟನ್ನು ಹೆಸರಿನಿಂದ ಹುಡುಕಿ. ರಿಪೋರ್ಟಿನ ನೇರ ಲಿಂಕನ್ನು ಅಂಟಿಸಿ ತೆರೆಯಿರಿ. ಕ್ಯಾಟಲಾಗ್ ಟಾಸ್ಕ್ ಮೇಲೆ ಹೊಸ ಬಾರ್ ಚಾರ್ಟ್ ಮಾಡಿ, ಒಟ್ಟು ಸಂಖ್ಯೆ ಬರೆದುಕೊಳ್ಳಿ. ಟಾಸ್ಕ್ ಮೇಲೆ ಅಂಥದೇ ಇನ್ನೊಂದು ಮಾಡಿ. ಕಂಬ ಒತ್ತಿ ಪಟ್ಟಿಗೆ ಹೋಗಿ, ಅಡಿಯಲ್ಲಿ 'ತೆಗೆಯಲಾಗಿದೆ' ಎಂಬ ಸಾಲು ಇದೆಯೇ ನೋಡಿ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ 'ವಾಪಸಾತಿ' ಎಂದು ಹುಡುಕಿ. ಡ್ಯಾಶ್‌ಬೋರ್ಡ್ ತೆರೆಯಿರಿ. ಟೆಕ್ನಿಷಿಯನ್ ಮತ್ತು ಗ್ರೂಪಿನ ಸದಸ್ಯ, ಇಬ್ಬರಿಗೆ ಬಂದ ಒಟ್ಟು ಸಂಖ್ಯೆಗಳ ವ್ಯತ್ಯಾಸ ಸರಿಯಾಗಿ ವಾಪಸಾತಿ ಟಿಕೆಟ್‌ಗಳಷ್ಟೇ ಇರಬೇಕು. ಕಡಿಮೆಯಾದರೆ ಎಲ್ಲೋ ಸೋರುತ್ತಿದೆ, ಹೆಚ್ಚಾದರೆ ಸರ್ವಿಸ್ ಡೆಸ್ಕಿಗೆ ಬೇಕಾದ ಟಿಕೆಟ್‌ಗಳನ್ನೂ ನೀವು ಮುಚ್ಚಿದ್ದೀರಿ.

ಈ ಪರೀಕ್ಷೆಯ ಸಂಖ್ಯೆಗಳನ್ನು ದಿನಾಂಕದೊಂದಿಗೆ ಬರೆದಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಗೆ ಸಮಂಜಸವಾದ ಭದ್ರತೆ ಒದಗಿಸುವುದನ್ನು ಸಂಸ್ಥೆಯ ಹೊಣೆಯಾಗಿ ಮಾಡಿದೆ, ಅದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಏನು ಮಾಡಿದ್ದೀರಿ ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲೊಂದು ಕಾಗದ ಇರಬೇಕು.

ಹಂತ 9: ಪ್ರೊಡಕ್ಷನ್‌ಗೆ ಒಯ್ಯುವುದು, ಆಮೇಲಿನ ಕಾವಲು

ಅಕ್ಸೆಸ್ ಕಂಟ್ರೋಲ್, ಬಿಸಿನೆಸ್ ರೂಲ್, ರಿಪೋರ್ಟ್ ಇವೆಲ್ಲ ಅಪ್‌ಡೇಟ್ ಸೆಟ್ (ಒಂದು ಇನ್‌ಸ್ಟೆನ್ಸ್‌ನಿಂದ ಇನ್ನೊಂದಕ್ಕೆ ಒಯ್ಯುವ ಬದಲಾವಣೆಗಳ ಗಂಟು) ಜೊತೆ ಹೋಗುತ್ತವೆ. ಗ್ರೂಪ್ ಮತ್ತು ಅದರ ಸದಸ್ಯರು ಹೋಗುವುದಿಲ್ಲ, ಅವು ಡೇಟಾ. ಗ್ರೂಪ್ ಇಲ್ಲದೆ ರೂಲ್ ಮಾತ್ರ ಹೋದರೆ ಎಚ್‌ಆರ್‌ನವರಿಗೂ ಏನೂ ಕಾಣದೆ ಕೆಲಸ ನಿಲ್ಲುತ್ತದೆ. ಆದ್ದರಿಂದ ಮೊದಲು ಪ್ರೊಡಕ್ಷನ್‌ನಲ್ಲಿ ಗ್ರೂಪ್ ಮಾಡಿ, ಸದಸ್ಯರನ್ನು ಸೇರಿಸಿ, ಆಮೇಲೆ ಅಪ್‌ಡೇಟ್ ಸೆಟ್ ಕಮಿಟ್ ಮಾಡಿ. ಸಂಜೆ ಜನ ಕಡಿಮೆ ಇರುವ ಹೊತ್ತು ಒಳ್ಳೆಯದು.

ಮೂರು ತಿಂಗಳಿಗೊಮ್ಮೆ ಗ್ರೂಪಿನ ಸದಸ್ಯರ ಪಟ್ಟಿಯನ್ನು ಅದರ ಮ್ಯಾನೇಜರಿಗೆ ಕಳಿಸಿ, ಯಾರು ಇನ್ನೂ ಬೇಕು ಎಂದು ಕೇಳಿ. ಗ್ಲೋಬಲ್ ಆದ ಹೊಸ ರಿಪೋರ್ಟ್‌ಗಳನ್ನು ಹಂತ 1ರ ಫಿಲ್ಟರಿನಿಂದಲೇ ನೋಡಿ. ರಿಪೋರ್ಟ್‌ಗಳು ಯಾವ ಯೂಸರ್‌ಗೆ, ಯಾವ ಗ್ರೂಪಿಗೆ ಹಂಚಿಕೊಂಡಿವೆ ಎಂಬುದು ಸಿಸ್_ರಿಪೋರ್ಟ್_ಯೂಸರ್ಸ್_ಗ್ರೂಪ್ಸ್ ಟೇಬಲ್ಲಿನಲ್ಲಿ ಒಂದೇ ಕಡೆ ಸಿಗುತ್ತದೆ.

ಕೊನೆಗೆ ಕ್ಲೋನ್. ಪ್ರೊಡಕ್ಷನ್ನಿನ ನಕಲನ್ನು ಡೆವಲಪ್‌ಮೆಂಟ್ ಇನ್‌ಸ್ಟೆನ್ಸ್‌ಗೆ ಇಳಿಸುವಾಗ ಟಿಕೆಟ್‌ಗಳೂ ಅದರ ಜೊತೆ ಇಳಿಯುತ್ತವೆ. ಅಲ್ಲಿ ಪ್ರತಿಯೊಬ್ಬ ಡೆವಲಪರ್ ಅಡ್ಮಿನ್ ಆಗಿರುತ್ತಾನೆ, ಬಿಸಿನೆಸ್ ರೂಲನ್ನು ಒಂದು ಗುರುತು ತೆಗೆದು ನಿಲ್ಲಿಸಬಲ್ಲ. ಕ್ಲೋನ್ ಕೋರಿಕೆ ಹಾಕುವ ಮೊದಲು ಎಕ್ಸ್‌ಕ್ಲೂಡ್ ಪಟ್ಟಿ ತೆರೆದು ಏನೇನು ಹೋಗುತ್ತಿದೆ ನೋಡಿ. ಟೇಬಲ್ ಪೂರ್ತಿ ಬಿಡಲು ಆಗದಿದ್ದರೆ, ಕ್ಲೋನ್ ಮುಗಿದ ಕೂಡಲೇ ವಾಪಸಾತಿ ಟಿಕೆಟ್‌ಗಳನ್ನು ಅಳಿಸುವ ಒಂದು ಸ್ಕ್ರಿಪ್ಟನ್ನು ಕ್ಲೀನಪ್‌ಗೆ ಸೇರಿಸಿ, ಅದು ಓಡಿದ ಮೇಲಷ್ಟೇ ಡೆವಲಪರ್‌ಗಳಿಗೆ 'ಇನ್‌ಸ್ಟೆನ್ಸ್ ಸಿದ್ಧ' ಎಂದು ಮೇಲ್ ಕಳಿಸಿ.